ಡಾಕ್ಟರ ಹತ್ತು ನಿಮಿಷ

(ಮಂಗಳೂರಿನಲ್ಲಿ ಓದುಗರ ಬಳಗವೊಂದರ ಸಂಜೆ ಕೂಟದಲ್ಲಿ ಆಡಿದ ಮಾತು. ಬರಹಕ್ಕಾಗಿ ಅಲ್ಪಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೊಲೆಗಾರ ಯಾರು ಅಂತ ಇವತ್ತು ನಾನು ಹೇಳಿಬಿಡುತ್ತೇನೆ. ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಇನ್ನೂ ಓದದವರು, ಮುಂದೆ ಓದಬೇಕು ಅಂತ ಇರುವವರು, ಈಗಲೇ ಎದ್ದು ಚಹಾ ಕುಡಿಯಲು ಹೋಗಬಹುದು. ನನಗೇನೂ ಬೇಸರವಿಲ್ಲ. ಪುಸ್ತಕ ಬಂದದ್ದು 1926ರಲ್ಲಿ. ಅದರ ಗುಟ್ಟು ಬಿಟ್ಟುಕೊಡದೆ ಈ ವಿಷಯ ಮಾತಾಡಲಿಕ್ಕೆ ಆಗುವುದಿಲ್ಲ. ಯಾಕಂದರೆ ಈ ಕಥೆಯನ್ನು ತೆರೆಗೆ ತಂದ ಟಿವಿಯವರು ಕೆಡಿಸಿದ್ದು ಆ ಗುಟ್ಟನ್ನೇ.

(ಯಾರೂ ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಕಿವಿ ಮುಚ್ಚಿಕೊಂಡರು.)

ಕಥೆ ಚುಟುಕಾಗಿ ಹೇಳುತ್ತೇನೆ. ಕಿಂಗ್ಸ್ ಅಬಟ್ ಅಂತ ಒಂದು ಇಂಗ್ಲಿಷ್ ಹಳ್ಳಿ. ಅಲ್ಲಿ ಮಿಸೆಸ್ ಫೆರಾರ್ಸ್ ಎಂಬ ಹಣವಂತ ವಿಧವೆ ನಿದ್ರೆಯ ಔಷಧಿ ಜಾಸ್ತಿ ತೆಗೆದುಕೊಂಡು ಸಾಯುತ್ತಾಳೆ. ಕುಡುಕ ಗಂಡನಿಗೆ ವಿಷ ಹಾಕಿದವಳು ಅವಳೇ. ಅದನ್ನು ತಿಳಿದ ಯಾರೋ ಒಬ್ಬ ಅವಳನ್ನು ಹೆದರಿಸಿ ಹಣ ಕೀಳುತ್ತಿದ್ದ. ಸಾಯುವ ಮೊದಲು ಅವಳು ಅವನ ಹೆಸರನ್ನು ಪತ್ರದಲ್ಲಿ ಬರೆದು ರೋಜರ್ ಆಕ್ರಾಯ್ಡ್‌ಗೆ ಕಳಿಸುತ್ತಾಳೆ. ಆಕ್ರಾಯ್ಡ್ ಅಂದರೆ ಅವಳನ್ನು ಮದುವೆಯಾಗಬೇಕಿದ್ದ ಊರಿನ ದೊಡ್ಡ ಕುಳ. ರಾತ್ರಿಯ ಅಂಚೆಯಲ್ಲಿ ಪತ್ರ ಬರುತ್ತದೆ. ಅದೇ ರಾತ್ರಿ ಆಕ್ರಾಯ್ಡ್ ತನ್ನ ಓದುವ ಕೋಣೆಯ ಕುರ್ಚಿಯಲ್ಲೇ ಚೂರಿ ತಿಂದು ಸತ್ತಿರುತ್ತಾನೆ. ಪತ್ರ ಮಾಯ.

ಈ ಕಥೆಯನ್ನು ನಮಗೆ ಹೇಳುವವನು ಊರಿನ ಡಾಕ್ಟರ್ ಜೇಮ್ಸ್ ಶೆಪ್ಪರ್ಡ್. ಕೊಂದವನೂ ಅವನೇ.

ಇಷ್ಟು ಹೇಳಿದರೆ ‘ಓ, ಅಷ್ಟೆಯಾ’ ಅನಿಸಬಹುದು. ಈಗ ನಮಗೆ ಇಂಥ ಆಟಗಳು ರೂಢಿಯಾಗಿವೆ. ಆದರೆ ಆಗ ದೊಡ್ಡ ಗಲಾಟೆಯೇ ಆಯಿತು. ಇದು ಮೋಸ, ಓದುಗರಿಗೆ ಟೋಪಿ ಹಾಕಿದ್ದು ಅಂತ ಕೆಲವರು ಕೂಗಾಡಿದರು. ಓದುಗನ ಕೆಲಸವೇ ಎಲ್ಲರ ಮೇಲೂ ಸಂಶಯ ಪಡುವುದು, ಕ್ರಿಸ್ಟಿಯ ತಪ್ಪೇನೂ ಇಲ್ಲ ಅಂತ ತಾನೂ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ ಡೊರೊಥಿ ಸೇಯರ್ಸ್ ಕ್ರಿಸ್ಟಿಯ ಪರ ನಿಂತರು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಮಾಡಿದರು. ಮೊದಲನೇ ನಿಯಮದಲ್ಲೇ, ಯಾರ ಮನಸ್ಸಿನ ಒಳಗೆ ಓದುಗ ಹೋಗಿ ಬಂದಿದ್ದಾನೋ ಅವನು ಅಪರಾಧಿ ಆಗಕೂಡದು ಅಂತ ಇದೆ. 2013ರಲ್ಲಿ ಬ್ರಿಟನ್ನಿನ ಅಪರಾಧ ಕಥೆ ಬರಹಗಾರರ ಸಂಘದವರು ವೋಟು ಹಾಕಿ, ಈವರೆಗಿನ ಅಪರಾಧ ಕಾದಂಬರಿಗಳಲ್ಲಿ ಇದೇ ಅತ್ಯುತ್ತಮ ಅಂತ ಆರಿಸಿದರು. ಬೈಸಿಕೊಂಡ ಪುಸ್ತಕಕ್ಕೇ ಪಟ್ಟ!

ಕ್ರಿಸ್ಟಿ ಈ ಆಟ ಹೇಗೆ ಆಡಿದರು ನೋಡಿ. ಪತ್ತೇದಾರಿ ಕಥೆಯಲ್ಲಿ ಒಂದು ಖಾಯಂ ಕುರ್ಚಿ ಉಂಟು. ಹೋಮ್ಸ್ ಪಕ್ಕದಲ್ಲಿ ವಾಟ್ಸನ್ ಕೂರುವ ಕುರ್ಚಿ. ಕ್ರಿಸ್ಟಿಯ ಪತ್ತೇದಾರ ಪೊಯ್ರೊ ಪಕ್ಕದಲ್ಲಿ ಆ ಕುರ್ಚಿಯಲ್ಲಿ ಅವನ ಗೆಳೆಯ ಹೇಸ್ಟಿಂಗ್ಸ್ ಕೂರುತ್ತಿದ್ದ. ಅದರಲ್ಲಿ ಕೂತವನು ಒಳ್ಳೆಯವನು, ಸ್ವಲ್ಪ ಪೆದ್ದ, ಕಂಡದ್ದನ್ನೆಲ್ಲ ನಮಗೆ ಒಪ್ಪಿಸುವವನು. ಈ ಕಾದಂಬರಿಯಲ್ಲಿ ಹೇಸ್ಟಿಂಗ್ಸ್ ಇಲ್ಲ, ಅವನು ಅರ್ಜೆಂಟೀನಾದಲ್ಲಿ ಇದ್ದಾನೆ. ಪೊಯ್ರೊ ಕೆಲಸ ಬಿಟ್ಟು ಹಳ್ಳಿಗೆ ಬಂದು ತರಕಾರಿ ಬೆಳೆಸುತ್ತಿದ್ದಾನೆ. ಮ್ಯಾರೋ ಅಂತ, ಕುಂಬಳದ ಜಾತಿಯದ್ದು, ನೋಡಲಿಕ್ಕೆ ನಮ್ಮ ಮಂಗಳೂರು ಸೌತೆಯ ದೊಡ್ಡಣ್ಣ. ಬೆಳೆಸಿ ಬೆಳೆಸಿ ತಲೆ ಕೆಟ್ಟು ಒಂದು ದಿನ ಒಂದನ್ನು ಎತ್ತಿ ಗೋಡೆಯಾಚೆ ಎಸೆಯುತ್ತಾನೆ. ಅದು ಪಕ್ಕದ ಮನೆಯ ಡಾಕ್ಟರ ಹತ್ತಿರ ಬಂದು ಬೀಳುತ್ತದೆ. ಇಬ್ಬರ ಪರಿಚಯ ಆಗುವುದೇ ಹಾಗೆ. ಆ ಮೀಸೆ ನೋಡಿ ಡಾಕ್ಟರ್ ಇವನು ಯಾರೋ ನಿವೃತ್ತ ಕ್ಷೌರಿಕ ಅಂದುಕೊಂಡಿದ್ದಾನೆ. ನಾವು ನಗುತ್ತೇವೆ. ನಗುತ್ತಾ ನಗುತ್ತಾ ಡಾಕ್ಟರನ್ನು ಆ ಖಾಲಿ ಕುರ್ಚಿಯಲ್ಲಿ ನಾವೇ ಕೂರಿಸುತ್ತೇವೆ. ಕ್ರಿಸ್ಟಿ ಕೂರಿಸಿದ್ದಲ್ಲ ಮಾರಾಯ್ರೆ, ನಾವೇ.

ಈಗ ಆ ಹತ್ತು ನಿಮಿಷಕ್ಕೆ ಬರೋಣ. ಡಾಕ್ಟರ್ ಆ ರಾತ್ರಿ ಆಕ್ರಾಯ್ಡ್ ಮನೆಯಲ್ಲಿ ಊಟ ಮಾಡಿ, ಅವನ ಜೊತೆ ಓದುವ ಕೋಣೆಯಲ್ಲಿ ಕೂತಿದ್ದಾನೆ. ಅಲ್ಲಿ ಅವನು ಬರೆದಿರುವುದರ ಸಾರ ಇಷ್ಟು: ಪತ್ರಗಳು ಬಂದಾಗ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇತ್ತು. ನಾನು ಅವರನ್ನು ಬಿಟ್ಟು ಹೊರಟಾಗ ಒಂಬತ್ತಕ್ಕೆ ಹತ್ತು ನಿಮಿಷ. ಪತ್ರ ಇನ್ನೂ ಓದಿರಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಒಮ್ಮೆ ತಿರುಗಿ ನೋಡಿದೆ, ಮಾಡದೆ ಬಿಟ್ಟದ್ದು ಏನಾದರೂ ಉಂಟಾ ಅಂತ ಯೋಚಿಸಿದೆ.

ಇದರಲ್ಲಿ ಸುಳ್ಳು ಎಲ್ಲಿ ಉಂಟು, ತೋರಿಸಿ ನೋಡೋಣ. ಒಂದೂ ಇಲ್ಲ. ಮೊದಲ ವಾಕ್ಯಕ್ಕೂ ಎರಡನೇ ವಾಕ್ಯಕ್ಕೂ ನಡುವೆ ಒಂದು ಪೂರ್ಣವಿರಾಮ ಉಂಟು, ಅಷ್ಟೆ. ಆ ಚುಕ್ಕಿಯಲ್ಲೇ ಕೊಲೆ ನಡೆದುಹೋಗಿದೆ. ಕೊನೆಯ ಅಧ್ಯಾಯದಲ್ಲಿ ಡಾಕ್ಟರ್ ತಾನೇ ಈ ಸಾಲುಗಳನ್ನು ಎತ್ತಿ ತೋರಿಸಿ ಮೆಚ್ಚಿಕೊಳ್ಳುತ್ತಾನೆ. ಎರಡು ವಾಕ್ಯಗಳ ನಡುವೆ ಒಂದು ಸಾಲು ನಕ್ಷತ್ರ ಚಿಹ್ನೆ ಹಾಕಿದ್ದರೆ ಯಾರಿಗಾದರೂ ಸಂಶಯ ಬರುತ್ತಿತ್ತೇನೋ ಎನ್ನುತ್ತಾನೆ. ಎಂಥ ಜಂಬ ನೋಡಿ. ಸಿಕ್ಕಿಬಿದ್ದ ಮೇಲೂ ತನ್ನ ಗದ್ಯಕ್ಕೆ ತಾನೇ ಶಹಬ್ಬಾಸ್ ಹೇಳಿಕೊಳ್ಳುವ ಕೊಲೆಗಾರ!

ಇನ್ನೊಂದು ಜಾಗ. ಹೆಣ ಸಿಕ್ಕಿದ ಮೇಲೆ ಡಾಕ್ಟರ್ ಮನೆಯ ಬಟ್ಲರ್ ಆದ ಪಾರ್ಕರನನ್ನು ಪೊಲೀಸರಿಗೆ ಫೋನ್ ಮಾಡಲು ಕಳಿಸುತ್ತಾನೆ. ಕೋಣೆಯಲ್ಲಿ ಡಾಕ್ಟರ್ ಒಬ್ಬನೇ. ಮಾಡಬೇಕಾಗಿದ್ದ ಸ್ವಲ್ಪ ಕೆಲಸ ಮಾಡಿದೆ ಅಂತ ಬರೆಯುತ್ತಾನೆ. ಡಾಕ್ಟರಿಗೆ ಹೆಣದ ಹತ್ತಿರ ಏನೋ ಕೆಲಸ ಇರುತ್ತದೆ ಅಂತ ನಾವು ಮುಂದೆ ಓದುತ್ತೇವೆ. ನಿಜವಾಗಿ ಅವನು ಮಾಡಿದ್ದು ಏನು? ಆಕ್ರಾಯ್ಡ್ ಇನ್ನೂ ಬದುಕಿದ್ದಾನೆ ಅನ್ನಿಸಲು ಅವನ ದನಿಯನ್ನು ಹೊತ್ತಿಗೆ ಸರಿಯಾಗಿ ನುಡಿಸಿದ ಡಿಕ್ಟಾಫೋನನ್ನು, ಅಂದರೆ ಮಾತನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವನ್ನು, ತನ್ನ ಕಪ್ಪು ಬ್ಯಾಗಿಗೆ ಹಾಕಿಕೊಂಡ. ಅದನ್ನು ಮರೆ ಮಾಡಲು ಮುಂದೆ ಎಳೆದಿಟ್ಟಿದ್ದ ಕುರ್ಚಿಯನ್ನು ಹಿಂದಕ್ಕೆ ದೂಡಿದ. ಡಾಕ್ಟರ ಕೈಯಲ್ಲಿ ಬ್ಯಾಗು ಇದ್ದರೆ ಯಾರಾದರೂ ಅದರಲ್ಲಿ ಏನುಂಟು ಅಂತ ಕೇಳುತ್ತಾರಾ?

ನಾವು ಕರಾವಳಿಯವರಿಗೆ ಇದು ಬೇಗ ಅರ್ಥವಾಗಬೇಕು. ನಮ್ಮಲ್ಲಿ ತಾಳಮದ್ದಳೆ ಉಂಟಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಬಿಳಿ ಪಂಚೆ ಉಟ್ಟು ಕೂತ ಅರ್ಥಧಾರಿ ಬರೀ ಮಾತಿನಲ್ಲಿ ನಿಮ್ಮನ್ನು ತನ್ನ ಪಕ್ಷಕ್ಕೆ ಎಳೆದುಕೊಳ್ಳುತ್ತಾನೆ. ‘ವಾಲಿವಧೆ’ಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಮಾತಿಗೆ ನಿಂತರೆ ರಾಮನ ಮೇಲೆ ಕೇಳುಗರಿಗೇ ಸಿಟ್ಟು ಬರುತ್ತಿತ್ತು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಪ್ರಸಂಗ ಬದಲಾಗುವುದಿಲ್ಲ. ಪದ್ಯದಲ್ಲಿ ಇದ್ದದ್ದನ್ನು ಅರ್ಥಧಾರಿ ಸುಳ್ಳು ಮಾಡುವ ಹಾಗಿಲ್ಲ. ಯಾವುದನ್ನು ಎತ್ತಿ ಹಿಡಿಯಬೇಕು, ಯಾವುದನ್ನು ಮೆಲ್ಲಗೆ ದಾಟಿಸಬೇಕು ಎಂಬುದು ಮಾತ್ರ ಅವನ ಕೈಯಲ್ಲಿ. ಶೆಪ್ಪರ್ಡ್ ಮಾಡಿದ್ದು ಅದನ್ನೇ. ಅವನು ಇಪ್ಪತ್ತಕ್ಕೂ ಮಿಕ್ಕಿ ಅಧ್ಯಾಯ ಅರ್ಥ ಹೇಳಿದ ಅರ್ಥಧಾರಿ.

ಇನ್ನು ಟಿವಿಗೆ ಬರುತ್ತೇನೆ. ಡೇವಿಡ್ ಸುಶೆ ಪೊಯ್ರೊ ಆಗಿದ್ದ ಬ್ರಿಟಿಷ್ ಧಾರಾವಾಹಿ ನಿಮ್ಮಲ್ಲಿ ಹಲವರು ನೋಡಿದ್ದೀರಿ. 1989ರಿಂದ 2013ರವರೆಗೆ ಒಟ್ಟು 70 ಕಂತು. ಸುಶೆ ಬಗ್ಗೆ ನನ್ನ ತಕರಾರಿಲ್ಲ. ಪೊಯ್ರೊ ಅಂದ ಕೂಡಲೇ ನನ್ನ ಕಣ್ಣೆದುರು ಬರುವುದು ಅವರದೇ ಆ ಪುಟ್ಟ ಪುಟ್ಟ ಹೆಜ್ಜೆಯ ನಡಿಗೆ. ಸ್ವಲ್ಪ ವರ್ಷ ನಿಂತುಹೋಗಿದ್ದ ಧಾರಾವಾಹಿ 2000ದ ಜನವರಿಯಲ್ಲಿ ಮತ್ತೆ ಶುರುವಾದದ್ದು ‘ರೋಜರ್ ಆಕ್ರಾಯ್ಡ್’ನಿಂದಲೇ. ನಿರ್ದೇಶನ ಆಂಡ್ರೂ ಗ್ರೀವ್, ಚಿತ್ರಕಥೆ ಕ್ಲೈವ್ ಎಕ್ಸ್‌ಟನ್. ಇಬ್ಬರೂ ಪಳಗಿದ ಕೈಗಳೇ. ಮನೆ, ಕಾರು, ಬಟ್ಟೆ, ಹಳ್ಳಿಯ ಬೀದಿ ಎಲ್ಲ ಚಂದ ಉಂಟು. ಡಾಕ್ಟರ ಪಾತ್ರಕ್ಕೆ ಆಲಿವರ್ ಫೋರ್ಡ್ ಡೇವಿಸ್, ಒಳ್ಳೆಯ ನಟ. ಇಷ್ಟೆಲ್ಲ ಇದ್ದೂ ಹೊಟ್ಟೆ ತುಂಬುವುದಿಲ್ಲ.

ಯಾಕೆ? ಟಿವಿಯವರು ಶುರುವಿನಲ್ಲೇ ಕೊಲೆಗಾರನ ಡೈರಿಯನ್ನು ಪೊಯ್ರೊ ಕೈಗೆ ಕೊಟ್ಟಿದ್ದಾರೆ. ಅವನು ಅದನ್ನು ಓದುತ್ತಾನೆ, ನಮಗೆ ಕೇಳಿಸುತ್ತದೆ. ಅಂದರೆ ಇದು ಕೆಟ್ಟವನೊಬ್ಬ ಬರೆದದ್ದು ಅಂತ ಮೊದಲೇ ಗೊತ್ತು. ಊರಿನವರ ಮೇಲೆ ಅವನಿಗೆ ಎಂಥ ಅಸಹ್ಯ ಅಂತಲೂ ಗೊತ್ತು. ಉಳಿಯುವ ಪ್ರಶ್ನೆ ಒಂದೇ, ಬರೆದವನು ಯಾರು? ಅದು ಮಾಮೂಲಿ ಪ್ರಶ್ನೆ. ಕಾದಂಬರಿಯಲ್ಲಿ ಬರೆದವನು ಯಾರು ಅಂತ ಮೊದಲ ಪುಟದಿಂದಲೇ ಗೊತ್ತಿರುತ್ತದೆ, ಅವನನ್ನು ಕಂಡರೆ ನಮಗೆ ಇಷ್ಟವೂ ಆಗಿರುತ್ತದೆ. ತಂಗಿಯ ಕಾಟಕ್ಕೆ ಗೊಣಗುತ್ತಾ, ರೋಗಿಗಳ ಮನೆಗೆ ಹೋಗಿ ಬರುತ್ತಾ ಇರುವ ಮೆದು ಮನುಷ್ಯ. ಹಾಂ, ತಂಗಿ ಅಂದೆನಲ್ಲ, ಕ್ಯಾರೊಲಿನ್ ನಿಜವಾಗಿ ಅವನಿಗಿಂತ ದೊಡ್ಡವಳು. ಅಕ್ಕ. ಅವಳ ವಿಷಯ ಆಮೇಲೆ ಹೇಳುತ್ತೇನೆ.

ಅದಕ್ಕಿಂತ ಜಾಸ್ತಿ ನಷ್ಟ ಮಾಡಿದ್ದು ಜ್ಯಾಪ್. ಇನ್ಸ್‌ಪೆಕ್ಟರ್ ಜ್ಯಾಪ್ ಕಾದಂಬರಿಯಲ್ಲಿ ಇಲ್ಲ. ಅಲ್ಲಿ ಇರುವವರು ಬೇರೆ ಪೊಲೀಸರು. ಧಾರಾವಾಹಿಯ ಅಭಿಮಾನಿಗಳಿಗೆ ಜ್ಯಾಪ್ ಬೇಕು, ಫಿಲಿಪ್ ಜ್ಯಾಕ್ಸನ್ ಆ ಪಾತ್ರದಲ್ಲಿ ಮುದ್ದಾಗಿ ಕಾಣುತ್ತಾರೆ, ಎಷ್ಟೋ ವರ್ಷದ ಮೇಲೆ ಇಬ್ಬರೂ ಸಿಕ್ಕಿ ಖುಷಿಪಡುವುದು ನೋಡಲು ಚಂದವೇ. ಆದರೆ ಜ್ಯಾಪ್ ಬಂದು ಎಲ್ಲಿ ಕೂತ? ಡಾಕ್ಟರ್ ಕೂರಬೇಕಾದ ಕುರ್ಚಿಯಲ್ಲಿ! ಪೊಯ್ರೊಗೆ ಮಾತಾಡಲು ಹಳೇ ಸ್ನೇಹಿತ ಸಿಕ್ಕಿದ ಮೇಲೆ ಪಕ್ಕದ ಮನೆಯ ಡಾಕ್ಟರ್ ಯಾಕೆ ಬೇಕು? ಅವನು ಆಕ್ರಾಯ್ಡ್ ಮನೆಗೆ ಬಂದುಹೋಗುವ ಹತ್ತು ಜನರಲ್ಲಿ ಹನ್ನೊಂದನೆಯವನಾದ. ಸಂಶಯ ಪಡುವವರ ಪಟ್ಟಿಯಲ್ಲಿ ಅವನ ಹೆಸರೂ ಸೇರಿತು. ಕೊನೆಗೆ ಅವನೇ ಕೊಲೆಗಾರ ಅಂತ ಗೊತ್ತಾದಾಗ ‘ಹೌದಾ’ ಅಂತೇವೆ, ಅಷ್ಟೆ. ಬೆಚ್ಚಿಬೀಳುವುದಿಲ್ಲ. ನಮಗೆ ಅವನು ಏನೂ ಹೇಳಿರಲಿಲ್ಲ, ಹಾಗಾಗಿ ನಮ್ಮಿಂದ ಏನನ್ನೂ ಮುಚ್ಚಿಟ್ಟಿರಲೂ ಇಲ್ಲ.

ಆ ಹತ್ತು ನಿಮಿಷ ಟಿವಿಯಲ್ಲಿ ಏನಾಯಿತು ಅಂದರೆ, ಏನೂ ಆಗಲಿಲ್ಲ. ಒಂದು ದೃಶ್ಯ ಮುಗಿಯಿತು, ಇನ್ನೊಂದು ಶುರುವಾಯಿತು. ಟಿವಿಯಲ್ಲಿ ಹಾಗೆ ನಿಮಿಷಕ್ಕೆ ಎಷ್ಟೋ ಸಲ ಆಗುತ್ತದೆ. ಕತ್ತರಿ ನಿರ್ದೇಶಕರ ಕೈಯಲ್ಲಿ ಇರುವುದು ಅಂತ ನಮಗೆ ಗೊತ್ತು. ಪುಸ್ತಕದಲ್ಲಿ ಆ ಕತ್ತರಿ ಕೊಲೆಗಾರನ ಕೈಯಲ್ಲಿ ಇತ್ತು. ನನ್ನ ಇಡೀ ತಕರಾರು ಇದೇ, ಉಳಿದದ್ದೆಲ್ಲ ಇದರ ಹಿಂದೆ ಬಂದದ್ದು.

ಆ ಗುಟ್ಟು ಕೈಬಿಟ್ಟುಹೋದ ಮೇಲೆ ಬೇರೆ ಬಿಸಿ ಬೇಕಲ್ಲ. ಅದಕ್ಕೆ ಎರಡನೇ ಕೊಲೆ ಸೇರಿಸಿದರು. ಪಾಪ, ಬಟ್ಲರ್ ಪಾರ್ಕರ್ ಕಾರಿನಡಿಗೆ ಬಿದ್ದ. ಕಾದಂಬರಿಯಲ್ಲಿ ಅವನಿಗೆ ಏನೂ ಆಗುವುದಿಲ್ಲ. ಕೊನೆಗೆ ಒಂದು ಪಿಸ್ತೂಲು, ಆಕ್ರಾಯ್ಡ್ ಕಾರ್ಖಾನೆಯಲ್ಲಿ ಓಟ, ಗುಂಡಿನ ಸದ್ದು, ಡಾಕ್ಟರ್ ತನಗೆ ತಾನೇ ಗುಂಡು ಹೊಡೆದುಕೊಳ್ಳುವುದು. ಹಳ್ಳಿಯ ಡಾಕ್ಟರನ್ನು ಕ್ಲೈಮ್ಯಾಕ್ಸ್‌ನಲ್ಲಿ ಓಡಿಸುವ ಆಸೆ ಬರೀ ನಮ್ಮವರಿಗೆ ಮಾತ್ರ ಇರುವುದಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು.

ಕ್ಯಾರೊಲಿನ್ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಅವಳಂಥವರು ನಮ್ಮ ರಥಬೀದಿಯಲ್ಲೂ ಇದ್ದಾರೆ, ಉಡುಪಿಯಲ್ಲೂ ಇದ್ದಾರೆ, ಇಲ್ಲಿ ಈ ಸಭೆಯಲ್ಲೂ ಇರಬಹುದು. ಮನೆಯ ಹೊಸಿಲು ದಾಟದೆ ಊರಿನ ಸುದ್ದಿಯೆಲ್ಲ ಹೆಕ್ಕುವವಳು. ಕೆಲಸದವಳು, ಹಾಲಿನವನು ಅವಳ ವರದಿಗಾರರು. ಡಾಕ್ಟರ್ ಹೊರಗೆ ಹೋಗಿ ಸುದ್ದಿ ತರುವಷ್ಟರಲ್ಲಿ ಅದು ಅವಳಿಗೆ ಹಳತಾಗಿರುತ್ತದೆ. ಮಾಜಾಂಗ್ ಆಡುವ ಒಂದು ಅಧ್ಯಾಯ ಉಂಟು. ನಾಲ್ಕು ಜನ ಕೂತು ಆಟವಾಡುತ್ತಾ ಕೊಲೆಯ ಬಗ್ಗೆ ಒಬ್ಬರಿಗಿಂತ ಒಬ್ಬರು ಜಾಸ್ತಿ ಊಹೆ ಕಟ್ಟುವುದು. ಓದಿ, ನಗು ತಡೆಯಲಿಕ್ಕೆ ಆಗುವುದಿಲ್ಲ. ಮುಂದೆ ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರಳು, ಹಳ್ಳಿಯ ಮುದುಕಿ ಮಿಸ್ ಮಾರ್ಪಲ್ ಹುಟ್ಟಿದ್ದು ಈ ಕ್ಯಾರೊಲಿನ್‌ಳನ್ನು ಬರೆದ ಖುಷಿಯಿಂದಲೇ ಇರಬಹುದು ಅಂತ ಕ್ರಿಸ್ಟಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಕಾದಂಬರಿಯ ಕೊನೆ ನಿಂತಿರುವುದೂ ಇವಳ ಮೇಲೆಯೇ. ಊರಿನ ಎಲ್ಲ ಗುಟ್ಟು ಬಲ್ಲ ಅಕ್ಕನಿಗೆ ತನ್ನ ಮನೆಯ ಗುಟ್ಟು ಮಾತ್ರ ಗೊತ್ತಿಲ್ಲ. ಪೊಯ್ರೊ ಡಾಕ್ಟರಿಗೆ ಒಂದು ರಾತ್ರಿ ಸಮಯ ಕೊಡುತ್ತಾನೆ. ಕ್ಯಾರೊಲಿನ್ ಮುಖ ನೋಡಿ ಕೊಡುತ್ತಾನೆ. ಡಾಕ್ಟರ್ ರಾತ್ರಿಯಿಡೀ ಕೂತು ಬರೆದು ಮುಗಿಸಿ, ಮಿಸೆಸ್ ಫೆರಾರ್ಸ್ ತೆಗೆದುಕೊಂಡ ಅದೇ ವೆರೊನಾಲನ್ನು ತಾನೂ ತೆಗೆದುಕೊಳ್ಳಲು ಹೊರಡುತ್ತಾನೆ. ಅವಳಿಗೆ ನಿಜ ಗೊತ್ತಾಗದಿರಲಿ ಎಂಬುದು ಅವನ ಕೊನೆಯ ಆಸೆಗಳಲ್ಲಿ ಒಂದು. ಇದು ನನಗೆ ಆ ಪಿಸ್ತೂಲಿಗಿಂತ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ.

ಈ ಕಥೆಯನ್ನು ಕೆಡಿಸಿದವರಲ್ಲಿ ಟಿವಿಯವರು ಮೊದಲಿಗರಲ್ಲ. 1928ರಲ್ಲಿ ಮೈಕೆಲ್ ಮಾರ್ಟನ್ ಇದನ್ನು ‘ಅಲಿಬೈ’ ಅಂತ ನಾಟಕ ಮಾಡಿದರು. ಪೊಯ್ರೊನ ವಯಸ್ಸು ಇಪ್ಪತ್ತು ವರ್ಷ ಇಳಿಸಿ, ಹುಡುಗಿಯರು ಅವನ ಹಿಂದೆ ಬೀಳುವ ಹಾಗೆ ಮಾಡೋಣ ಅಂತ ಅವರ ಮೊದಲ ಸಲಹೆ! ಕ್ರಿಸ್ಟಿ ಹೇಗೋ ಅದನ್ನು ತಪ್ಪಿಸಿದರು. ಆದರೆ ಕ್ಯಾರೊಲಿನ್ ಹೋಗಿ ಅವಳ ಜಾಗಕ್ಕೆ ಒಬ್ಬಳು ಚಂದದ ಹುಡುಗಿ ಬಂದಳು. ಆ ಬೇಸರ ಕ್ರಿಸ್ಟಿಗೆ ಹೋಗಲೇ ಇಲ್ಲ. 1931ರಲ್ಲಿ ಅದೇ ನಾಟಕ ಸಿನಿಮಾ ಆಯಿತು. ಅದರಲ್ಲಿ ಪೊಯ್ರೊ ಆದ ಆಸ್ಟಿನ್ ಟ್ರೆವರ್‌ಗೆ ಮೀಸೆಯೇ ಇರಲಿಲ್ಲ.

ಪುಸ್ತಕವೇ ಮೇಲು, ಸಿನಿಮಾ ಯಾವಾಗಲೂ ಕೀಳು ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲೇ ನೋಡಿ. ಕ್ರಿಸ್ಟಿಯ ‘ದಿ ಅನೆಕ್ಸ್‌ಪೆಕ್ಟೆಡ್ ಗೆಸ್ಟ್’ ನಾಟಕದ ಎಳೆ ಹಿಡಿದು 1989ರಲ್ಲಿ ಸುನಿಲ್ ಕುಮಾರ್ ದೇಸಾಯಿ ‘ತರ್ಕ’ ಮಾಡಿದರು. ಶಂಕರ್ ನಾಗ್, ದೇವರಾಜ್ ಇದ್ದ ಚಿತ್ರ. ಒಂದೂ ಹಾಡಿಲ್ಲ. ಆ ಕಾಲದ ಕನ್ನಡ ಸಿನಿಮಾದಲ್ಲಿ ಹಾಡು ಬಿಡುವುದು ಅಂದರೆ ತಮಾಷೆಯಾ? ಯಾವುದು ಬೇಕು, ಯಾವುದು ಬೇಡ ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು. ಇನ್ನು ಯಾರು ಹೇಳುತ್ತಿದ್ದಾರೆ ಎಂಬುದರ ಮೇಲೆ ಕಥೆ ಹೇಗೆ ಬದಲಾಗುತ್ತದೆ ಅಂತ ತೋರಿಸಲು ದೂರ ಹೋಗುವುದೇ ಬೇಡ. ಮಲ್ಪೆಯ ಕಡಲ ದಂಡೆ ಸಾಕು. ರಕ್ಷಿತ್ ಶೆಟ್ಟಿಯ ‘ಉಳಿದವರು ಕಂಡಂತೆ’ ಬಂದದ್ದು 2014ರಲ್ಲಿ. ನಡೆದದ್ದು ಒಂದೇ, ಒಬ್ಬೊಬ್ಬರು ಹೇಳುವಾಗ ಒಂದೊಂದು. ಆವತ್ತು ಥಿಯೇಟರಿಗೆ ಹೋದವರು ಕಡಿಮೆ. ಈಗ ಕೇಳಿದರೆ ಎಲ್ಲರೂ ಮೊದಲ ದಿನವೇ ನೋಡಿದವರು.

ಅಂದರೆ ಇದು ತೆರೆಗೆ ಆಗದ ಕೆಲಸವಲ್ಲ. 2002ರಲ್ಲಿ ರಷ್ಯಾದ ಸೆರ್ಗೆಯ್ ಉರ್ಸುಲ್ಯಾಕ್ ಇದೇ ಕಥೆಯನ್ನು ಐದು ಕಂತಿನಲ್ಲಿ ನಿಧಾನವಾಗಿ, ಮೂಲಕ್ಕೆ ಹತ್ತಿರವಾಗಿ ಮಾಡಿದರು. 2018ರಲ್ಲಿ ಜಪಾನಿನ ಕೋಕಿ ಮಿತಾನಿ ಯುದ್ಧ ಮುಗಿದ ಕಾಲದ ಜಪಾನಿಗೆ ಕಥೆಯನ್ನು ಒಯ್ದರು. ಹೆಸರು, ಊರು, ಉಡುಪು ಎಲ್ಲ ಬದಲಾಯಿತು. ಡಾಕ್ಟರ್ ಮಾತ್ರ ಪತ್ತೇದಾರನ ಪಕ್ಕದಲ್ಲೇ ಉಳಿದ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಕಾಲೇಜು ಹುಡುಗಿಯೊಬ್ಬಳು ಎದ್ದು, “ಸರ್, ನಿಮಗೆ ಕೊಟ್ಟಿದ್ದರೆ ಆ ಹತ್ತು ನಿಮಿಷ ಹೇಗೆ ತೆಗೆಯುತ್ತಿದ್ದಿರಿ?” ಅಂದಳು.

ನಾನು ಸಿನಿಮಾದವನಲ್ಲ. ಆದರೂ ಒಂದು ಆಸೆ ಉಂಟು. ಮೊದಲಿಂದ ಕೊನೆಯವರೆಗೆ ಡಾಕ್ಟರ್ ಇಲ್ಲದ ಒಂದು ದೃಶ್ಯವೂ ಇರಬಾರದು. ಅವನು ಕಾಣದ್ದನ್ನು ನಾವೂ ಕಾಣಬಾರದು. ದನಿ ಅವನದೇ ಇರಬೇಕು. ಮೆದು ದನಿ, ಸ್ವಲ್ಪ ತಮಾಷೆಯದ್ದು. ರಾತ್ರಿ ಮೇಜಿನ ಮುಂದೆ ಕೂತು ಅವನು ಬರೆಯುತ್ತಿದ್ದಾನೆ. ಪತ್ರ ಬಂದಾಗ ಇಷ್ಟು ಗಂಟೆ ಅಂತ ದನಿ ಹೇಳುತ್ತದೆ. ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಮತ್ತೆ ನಡೆಯುತ್ತದೆ, ನಾನು ಹೊರಟಾಗ ಇಷ್ಟು ಗಂಟೆ. ತೆರೆಯ ಮೇಲೆ ಬಾಗಿಲ ಹಿಡಿ, ಅದರ ಮೇಲೆ ಕೈ. ಕೊನೆಗೆ ಅದೇ ದನಿ, ಅದೇ ವಾಕ್ಯ ಮತ್ತೊಮ್ಮೆ. ಪೆನ್ನು ನಿಂತಲ್ಲಿ ಈ ಸಲ ಓದುವ ಕೋಣೆ ತೆರೆದುಕೊಳ್ಳಲಿ, ಆ ಹತ್ತು ನಿಮಿಷ ಪೂರ್ತಿ ಓಡಲಿ. ಇದರಲ್ಲಿ ಎಲ್ಲೂ ಸುಳ್ಳು ತೋರಿಸಿದ ಹಾಗೆ ಆಗುವುದಿಲ್ಲ. 1950ರಲ್ಲಿ ಹಿಚ್‌ಕಾಕ್ ‘ಸ್ಟೇಜ್ ಫ್ರೈಟ್’ನಲ್ಲಿ ಒಬ್ಬನ ಸುಳ್ಳನ್ನು ನಿಜವಾಗಿ ನಡೆದ ಹಾಗೆ ತೋರಿಸಿಬಿಟ್ಟರು. ಜನ ಸಿಟ್ಟಾದರು, ಹಾಗೆ ಮಾಡಬಾರದಿತ್ತು ಅಂತ ಆಮೇಲೆ ಅವರೇ ಹೇಳಿದರು. ಶೆಪ್ಪರ್ಡ್ ಜಾಣ. ಅವನು ಸುಳ್ಳು ಹೇಳುವುದಿಲ್ಲ, ಬಿಟ್ಟು ಹೇಳುತ್ತಾನೆ.

ಕಿವಿ ಮುಚ್ಚಿಕೊಂಡಿದ್ದ ಹಿರಿಯರು ಕೊನೆಗೆ ಕೈ ಎತ್ತಿದರು. “ಎಷ್ಟು ಒತ್ತಿ ಹಿಡಿದರೂ ಕೇಳಿಸಿಬಿಟ್ಟಿತು ಮಾರಾಯ್ರೆ. ಇನ್ನು ನಾನು ಓದಿ ಎಂತ ಪ್ರಯೋಜನ?”

ಉಂಟು, ಖಂಡಿತ ಓದಿ. ಕೊಲೆಗಾರ ಗೊತ್ತಿದ್ದು ಓದುವ ಪತ್ತೇದಾರಿ ಕಾದಂಬರಿಗಳು ಜಾಸ್ತಿ ಇಲ್ಲ, ಇದು ಅಂಥದ್ದು. ಒಂದು ಪೆನ್ಸಿಲ್ ಹಿಡಿದುಕೊಳ್ಳಿ. ಡಾಕ್ಟರ್ ಒಬ್ಬನೇ ಇರುವ ಜಾಗ ಬಂದಾಗಲೆಲ್ಲ ವಾಕ್ಯ ಎಲ್ಲಿ ಮುಗಿಯಿತು ಅಂತ ನೋಡಿ. ಕುರ್ಚಿ ಸರಿದ ವಿಷಯ, ರಾತ್ರಿ ಬಂದ ಫೋನಿನ ವಿಷಯ, ಡಿಕ್ಟಾಫೋನಿನ ಮಾತು, ಎಲ್ಲ ಮುಂದೆಯೇ ಬಿದ್ದಿರುತ್ತದೆ, ಯಾವುದನ್ನೂ ಅಡಗಿಸಿಲ್ಲ. ಒಟ್ಟು 27 ಅಧ್ಯಾಯ. 27ನೆಯದನ್ನು ಮಾತ್ರ ಮೊದಲು ತಿರುವಿ ನೋಡಬೇಡಿ, ಅಲ್ಲಿ ಡಾಕ್ಟರ್ ನಿಮ್ಮ ಪೆನ್ಸಿಲ್ ಗುರುತುಗಳ ಲೆಕ್ಕ ತಾನೇ ಒಪ್ಪಿಸುತ್ತಾನೆ.